ಅಪ್ಪ-ಅಮ್ಮನಿಗೆ ಬಿಸಿನೆಸ್ ಕ್ಲಾಸ್ ಟಿಕೆಟ್: ದುಡ್ಡು ಕೊಡುವ ಮೊದಲು ಗೊತ್ತಿರಬೇಕಾದ ವಿಷಯಗಳು



ಯುಗಾದಿ ಮುಗಿದು ಬೇಸಿಗೆ ಹತ್ತಿರ ಬಂತೆಂದರೆ ನಮ್ಮ ಬೇ ಏರಿಯಾದಲ್ಲಿ ಯಾರ ಮನೆಯ ಪಾಟ್‌ಲಕ್‌ಗೆ ಹೋದರೂ ಮಾತು ಒಂದೇ ಕಡೆ ತಿರುಗುತ್ತದೆ. "ಊರಿಂದ ಅಪ್ಪ-ಅಮ್ಮ ಬರ್ತಿದಾರೆ, ಟಿಕೆಟ್ ಯಾವುದು ತಗೊಂಡ್ರಿ?" ಕೆಲವು ವರ್ಷಗಳ ಹಿಂದೆ ಇದಕ್ಕೆ ಉತ್ತರ ಸುಲಭವಾಗಿತ್ತು. ಯಾವುದು ಅಗ್ಗವೋ ಅದು! ಈಗ ಹಾಗಿಲ್ಲ. ಅಪ್ಪ-ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ಆಪರೇಷನ್ ಆಗಿದೆ, ಬಿಪಿ-ಶುಗರ್ ಇದೆ, ಪ್ರಯಾಣವೋ ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಇಪ್ಪತ್ತೆಂಟು-ಮೂವತ್ತು ಗಂಟೆ. ಹಾಗಾಗಿ ಸಾಫ್ಟ್‌ವೇರ್ ಸಂಬಳದಲ್ಲಿ ಎರಡು ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಂಡು ಅವರನ್ನು ಮಲಗಿಸಿಕೊಂಡೇ ಕರೆಸೋಣ ಎಂದು ಅನೇಕರು ಯೋಚಿಸುತ್ತಿದ್ದಾರೆ. ನಾವೂ ಯೋಚಿಸಿದೆವು, ಕೊಂಡೆವು, ಒಮ್ಮೆ ಚೆನ್ನಾಗಿ ಪೆಟ್ಟೂ ತಿಂದೆವು. ಅದರಿಂದ ಕಲಿತದ್ದನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಇತರರಿಗೆ ಉಪಯೋಗವಾದೀತು ಎಂದು ಈ ಲೇಖನ. ಯಾವ ಏರ್‌ಲೈನ್ಸ್‌ನ ಜಾಹೀರಾತೂ ಇದಲ್ಲ.

ಮೊದಲೇ ಹೇಳಿಬಿಡುತ್ತೇವೆ, ಬಿಸಿನೆಸ್ ಕ್ಲಾಸ್‌ನ ಷಾಂಪೇನ್, ಬಿಸಿ ಟವೆಲ್, ಪುಟ್ಟ ಚೀಲದೊಳಗಿನ ಕ್ರೀಮು ಇವಕ್ಕೆಲ್ಲ ನಾವು ಬೆಲೆ ಕಟ್ಟುವುದಿಲ್ಲ. ನೀವು ಕೊಳ್ಳುತ್ತಿರುವುದು ಒಂದು ಹಾಸಿಗೆ. ಆ ಹಾಸಿಗೆ ಎಲ್ಲಿಂದ ಎಲ್ಲಿಯವರೆಗೆ ಸಿಗುತ್ತದೆ, ಎಂಥದು ಸಿಗುತ್ತದೆ, ಸಿಗದಿದ್ದರೆ ಏನು ಮಾಡಬೇಕು ಅನ್ನುವುದೇ ಮುಖ್ಯ.

ಸ್ವಲ್ಪ ಹಿನ್ನೆಲೆ

ಬಿಸಿನೆಸ್ ಕ್ಲಾಸ್ ಎನ್ನುವುದು ವಿಮಾನದಷ್ಟು ಹಳೆಯದೇನಲ್ಲ. 1970ರ ದಶಕದ ಕೊನೆಯವರೆಗೂ ಇದ್ದದ್ದು ಫಸ್ಟ್ ಮತ್ತು ಎಕಾನಮಿ ಎರಡೇ. ಕಡೇ ಗಳಿಗೆಯಲ್ಲಿ ಪೂರ್ತಿ ದರ ಕೊಟ್ಟು ಕೆಲಸದ ಮೇಲೆ ಹೋಗುವವನೂ, ಮೂರು ತಿಂಗಳ ಮುಂಚೆ ರಿಯಾಯಿತಿಯಲ್ಲಿ ಟಿಕೆಟ್ ಕೊಂಡವನೂ ಅಕ್ಕಪಕ್ಕ ಕೂರುತ್ತಿದ್ದರು. ಹೆಚ್ಚು ಕೊಟ್ಟವನ ಗೊಣಗಾಟ ತಡೆಯಲಾರದೆ ಏರ್‌ಲೈನ್ಸ್‌ಗಳು ಅವನಿಗೊಂದು ಪ್ರತ್ಯೇಕ ಜಾಗ ಮಾಡಿಕೊಟ್ಟವು. ಆಸ್ಟ್ರೇಲಿಯಾದ ಕ್ವಾಂಟಾಸ್ 1979ರಲ್ಲೇ ಬಿಸಿನೆಸ್ ಕ್ಲಾಸ್ ಹೆಸರಿನಲ್ಲಿ ಇದನ್ನು ಶುರುಮಾಡಿತು. ಆಗ ಅದು ಸ್ವಲ್ಪ ಅಗಲದ, ಸ್ವಲ್ಪ ಹೆಚ್ಚು ಹಿಂದಕ್ಕೆ ಬಾಗುವ ಕುರ್ಚಿ ಅಷ್ಟೆ. ಪೂರ್ತಿ ಸಪಾಟಾಗುವ ಹಾಸಿಗೆಯನ್ನು ಬಿಸಿನೆಸ್ ಕ್ಲಾಸ್‌ಗೆ ತಂದದ್ದು ಬ್ರಿಟಿಷ್ ಏರ್‌ವೇಸ್, 2000ದಲ್ಲಿ. ಬಾಗಿಲಿರುವ ಗೂಡಿನಂಥ ಸೀಟು, ಅಂದರೆ ಕತಾರ್ ಏರ್‌ವೇಸ್‌ನ ಕ್ಯೂಸೂಟ್ ಮಾದರಿಯದು, ಬಂದದ್ದು 2017ರಲ್ಲಿ.

ಇದು ಎಲ್ಲಿಯವರೆಗೆ ಹೋಯಿತೆಂದರೆ, ಸಿಂಗಪುರ್ ಏರ್‌ಲೈನ್ಸ್ 2008ರಿಂದ 2013ರವರೆಗೆ ಸಿಂಗಪುರದಿಂದ ನ್ಯೂಯಾರ್ಕ್ ಬಳಿಯ ನ್ಯೂಆರ್ಕ್‌ಗೆ ಬರೀ 100 ಬಿಸಿನೆಸ್ ಸೀಟುಗಳ ವಿಮಾನವನ್ನೇ ಓಡಿಸಿತು. 2018ರಲ್ಲಿ ಅದೇ ಮಾರ್ಗವನ್ನು ಎ350 ವಿಮಾನದೊಂದಿಗೆ ಮತ್ತೆ ಆರಂಭಿಸಿದಾಗ 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ ಸೀಟು ಇಟ್ಟರು. ಎಕಾನಮಿಯೇ ಇಲ್ಲ!

ನಮ್ಮ ಬೆಂಗಳೂರಿನ ಕಥೆ ಇದಕ್ಕೆ ವಿರುದ್ಧ ದಿಕ್ಕಿನಿಂದ ಶುರುವಾಯಿತು. 2003ರಲ್ಲಿ ನಮ್ಮ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಆರಂಭಿಸಿ, ಒಂದು ರೂಪಾಯಿ ಟಿಕೆಟ್ ಮಾರಿ, ಹವಾಯಿ ಚಪ್ಪಲಿಯವರನ್ನೂ ಹಾರಿಸಿದರು. ಅದಾದ ಐದೇ ವರ್ಷಕ್ಕೆ, 2008ರ ಸೆಪ್ಟೆಂಬರ್ 3ರಂದು, ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್‌ಗೆ ಹಾಸಿಗೆಯಾಗುವ ಸೀಟುಗಳಿದ್ದ ವಿಮಾನ ಹಾರಿಸಿತು. 2012ರಲ್ಲಿ ಆ ಕಂಪನಿ ಹಾರಾಟವನ್ನೇ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ನಮ್ಮ ಊರಿಗೂ ಬೆಂಗಳೂರಿಗೂ ನೇರ ವಿಮಾನ ಬಂದದ್ದು ಕೋವಿಡ್ ಕಾಲದಲ್ಲಿ. 2021ರ ಜನವರಿ 9ರಂದು ಏರ್ ಇಂಡಿಯಾದ 777 ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, 11ರ ಬೆಳಗಿನ ಜಾವ ಬೆಂಗಳೂರು ಮುಟ್ಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರೇ. ಸುಮಾರು 14,000 ಕಿಲೋಮೀಟರ್, ಹೆಚ್ಚುಕಡಿಮೆ 17 ಗಂಟೆ. ಆ ಮಾರ್ಗ ಆಮೇಲೆ 2022ರಲ್ಲಿ ನಿಂತು ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಇಂಥ ನೇರ ಮಾರ್ಗಗಳು ನಿಲ್ಲುವುದು, ಬರುವುದು ನಡೆದೇ ಇರುತ್ತದೆ. ಆದ್ದರಿಂದ ಹೋದ ವರ್ಷ ಸ್ನೇಹಿತರು ಹೇಳಿದ ಮಾತನ್ನು ನಂಬದೆ ಟಿಕೆಟ್ ಕೊಳ್ಳುವ ದಿನವೇ ವೇಳಾಪಟ್ಟಿ ನೋಡಿ.

ಹಾಸಿಗೆ ಯಾವ ಅರ್ಧಕ್ಕೆ ಬೇಕು?

ನಡುವೆ ಇಳಿದು ಹತ್ತುವ ಪ್ರಯಾಣವಾದರೆ ಇದು ಮೊದಲ ಪ್ರಶ್ನೆ. ಬಹಳ ಜನ ಇದನ್ನು ಕೇಳಿಕೊಳ್ಳುವುದೇ ಇಲ್ಲ.

ಬೆಂಗಳೂರಿನಿಂದ ಯೂರೋಪಿಗೆ ಹೋಗುವ ಅನೇಕ ವಿಮಾನಗಳು ನಡುರಾತ್ರಿಯ ನಂತರ ಹೊರಡುತ್ತವೆ. ಮನೆಯಿಂದ ಸಂಜೆಯೇ ಹೊರಟು, ದೇವನಹಳ್ಳಿಯ ದಾರಿಯ ಟ್ರಾಫಿಕ್ ದಾಟಿ, ಚೆಕ್-ಇನ್ ಮಾಡಿ ಕುಳಿತ ಹಿರಿಯರು ವಿಮಾನ ಹತ್ತುವ ಹೊತ್ತಿಗೆ ಸುಸ್ತಾಗಿರುತ್ತಾರೆ. ಒಂಬತ್ತು-ಹತ್ತು ಗಂಟೆಯ ಆ ಹಾರಾಟದಲ್ಲಿ ಹಾಸಿಗೆ ಸಿಕ್ಕರೆ ಸ್ವರ್ಗ. ಅಲ್ಲಿಂದ ಅಮೆರಿಕದ ಪಶ್ಚಿಮ ತೀರಕ್ಕೆ ಬರುವ ಹನ್ನೊಂದು ಗಂಟೆಯ ಹಾರಾಟ ಹಗಲಿನದು. ಸೂರ್ಯನ ಜೊತೆಗೇ ಓಡುವ ಕಾರಣ ಕಿಟಕಿ ತೆರೆದರೆ ಸದಾ ಮಧ್ಯಾಹ್ನ. ವಾಪಸು ಹೋಗುವಾಗ ತಿರುಗುಮುರುಗು. ಇಲ್ಲಿಂದ ಹೊರಡುವ ಮೊದಲ ಭಾಗ ರಾತ್ರಿಯದು, ಯೂರೋಪಿನಿಂದ ಬೆಂಗಳೂರಿಗೆ ಹೋಗುವುದು ಬಹುತೇಕ ಮಧ್ಯಾಹ್ನ ಹೊರಟು ನಡುರಾತ್ರಿಯ ಮೇಲೆ ಇಳಿಯುವುದು. ಎರಡೂ ಭಾಗಕ್ಕೆ ಬಿಸಿನೆಸ್ ಕೊಳ್ಳುವಷ್ಟು ಕೈಯಲ್ಲಿಲ್ಲದಿದ್ದರೆ ರಾತ್ರಿಯ ಭಾಗಕ್ಕೆ ಬಿಸಿನೆಸ್, ಹಗಲಿಗೆ ಪ್ರೀಮಿಯಂ ಎಕಾನಮಿ ಎಂದು ಹಂಚಿಕೊಳ್ಳುವುದು ಜಾಣತನ. ಪ್ರೀಮಿಯಂ ಎಕಾನಮಿಯಲ್ಲಿ ಸಾಲಿನಿಂದ ಸಾಲಿಗೆ ಸುಮಾರು 38 ಇಂಚು ಇರುತ್ತದೆ, ಎಕಾನಮಿಯಲ್ಲಿ 31-32. ಆ ಆರು ಇಂಚಿನ ಬೆಲೆ ಮಂಡಿನೋವು ಇದ್ದವರಿಗೆ ಮಾತ್ರ ಗೊತ್ತು.

ಇನ್ನೊಂದು ಎಚ್ಚರಿಕೆ. ಟಿಕೆಟ್ ಹುಡುಕುವ ಸೈಟುಗಳು ಕೆಲವೊಮ್ಮೆ ಆಶ್ಚರ್ಯವಾಗುವಷ್ಟು ಅಗ್ಗದ "ಬಿಸಿನೆಸ್" ಟಿಕೆಟ್ ತೋರಿಸುತ್ತವೆ. ಒಳಗೆ ಹೋಗಿ ನೋಡಿದರೆ ಬೆಂಗಳೂರು-ಮುಂಬೈ ಒಂದೂವರೆ ಗಂಟೆ ಬಿಸಿನೆಸ್, ಅಲ್ಲಿಂದ ಮುಂದೆ ಹದಿನಾರು ಗಂಟೆ ಎಕಾನಮಿ! ಸಣ್ಣಕ್ಷರದಲ್ಲಿ ಮಿಶ್ರ ದರ್ಜೆ ಎಂದು ಬರೆದಿರುತ್ತಾರೆ. ಪ್ರತಿ ಭಾಗವನ್ನೂ ಬಿಚ್ಚಿ ನೋಡಿ. ಟಿಕೆಟ್‌ನಲ್ಲಿ ಪ್ರತಿ ಹಾರಾಟದ ಮುಂದೆ ಒಂದು ಅಕ್ಷರವಿರುತ್ತದೆ. ಜೆ, ಸಿ, ಡಿ, ಝಡ್ ಇವು ಸಾಮಾನ್ಯವಾಗಿ ಬಿಸಿನೆಸ್‌ನವು. ವೈ, ಬಿ, ಎಂ ಇತ್ಯಾದಿ ಎಕಾನಮಿಯವು.

ಸೀಟು ಎಂಥದು?

ಒಂದೇ ಹೆಸರು, ಒಂದೇ ಬೆಲೆ, ಆದರೆ ಸೀಟು ಬೇರೆ ಬೇರೆ. ಇದು ನಮಗೆ ಬಹಳ ತಡವಾಗಿ ತಿಳಿದ ವಿಷಯ. 1-2-1 ಎಂಬ ಜೋಡಣೆಯಿದ್ದರೆ ಪ್ರತಿಯೊಬ್ಬರೂ ನೇರವಾಗಿ ನಡುದಾರಿಗೆ ಇಳಿಯಬಹುದು. 2-2-2 ಇದ್ದರೆ ಕಿಟಕಿಯ ಬಳಿ ಇರುವವರು ಪಕ್ಕದವರ ಕಾಲು ದಾಟಬೇಕು. ಪಕ್ಕದವರು ಮಲಗಿಬಿಟ್ಟಿದ್ದರೆ ಅದು ಸಣ್ಣ ಸರ್ಕಸ್ಸು. ಬ್ರಿಟಿಷ್ ಏರ್‌ವೇಸ್‌ನ ಹಳೆಯ ವಿನ್ಯಾಸದಲ್ಲಿ ಒಬ್ಬರ ಮುಖ ಮುಂದಕ್ಕೆ, ಪಕ್ಕದವರ ಮುಖ ಹಿಂದಕ್ಕೆ, ಒಂದು ಸಾಲಿಗೆ ಎಂಟು ಜನ. 2019ರಿಂದ ಬಾಗಿಲಿರುವ ಹೊಸ ಸೀಟು ಬರತೊಡಗಿತು. ಎಮಿರೇಟ್ಸ್‌ನ 777ಗಳಲ್ಲಿ ಬಹುಕಾಲ 2-3-2 ಇತ್ತು, ಅಂದರೆ ಅಷ್ಟು ದುಡ್ಡು ಕೊಟ್ಟೂ ಇಬ್ಬರ ನಡುವೆ ಸಿಕ್ಕಿಹಾಕಿಕೊಳ್ಳುವ ಅವಕಾಶ! 2024ರಲ್ಲಿ ಅವರು ಹಳೆಯ ವಿಮಾನಗಳನ್ನು 1-2-1ಕ್ಕೆ ಬದಲಿಸಲು ಆರಂಭಿಸಿದರು. ಇಂಥ ಬದಲಾವಣೆ ಒಂದೊಂದೇ ವಿಮಾನಕ್ಕೆ ಆಗುವ ಕೆಲಸವಾದ್ದರಿಂದ ಹಳತು, ಹೊಸತು ಎರಡೂ ವರ್ಷಗಟ್ಟಲೆ ಜೊತೆಜೊತೆಗೆ ಹಾರುತ್ತವೆ. ಟಿಕೆಟ್ ಕೊಳ್ಳುವಾಗ ಸೀಟಿನ ನಕ್ಷೆ ತೆರೆದು ಒಂದು ಸಾಲಿನಲ್ಲಿ ಎಷ್ಟು ಸೀಟು ಇದೆ ಎಂದು ಎಣಿಸಿದರೆ ಅರ್ಧ ಉತ್ತರ ಸಿಕ್ಕಂತೆ.

ಹಿರಿಯರಿಗೆ ಇನ್ನೊಂದು ತೊಂದರೆ ಇದೆ. ಹಾಸಿಗೆಯಾದ ಮೇಲೆ ಕಾಲುಗಳು ಮುಂದಿನ ಸೀಟಿನ ಕೆಳಗಿರುವ ಗೂಡಿನೊಳಗೆ ಹೋಗುತ್ತವೆ. ಕೆಲವು ವಿನ್ಯಾಸಗಳಲ್ಲಿ ಆ ಗೂಡು ಬಹಳ ಇಕ್ಕಟ್ಟು. ಮಂಡಿ ಬದಲಿಸಿಕೊಂಡವರಿಗೆ ಮಗ್ಗುಲು ತಿರುಗುವುದು ಕಷ್ಟ. ನಮ್ಮ ಅಪ್ಪನ ಮಾತಿನಲ್ಲಿ ಹೇಳುವುದಾದರೆ, "ಕಾಲನ್ನ ಮೇಲ್ಬಾಕ್ಸಿಗೆ ಹಾಕ್ದಂಗಾಯ್ತು." ಪ್ರತಿ ಕ್ಯಾಬಿನ್‌ನ ಮೊದಲ ಸಾಲಿನಲ್ಲಿ ಮುಂದೆ ಸೀಟಿಲ್ಲದಿರುವುದರಿಂದ ಆ ಗೂಡು ಸಾಮಾನ್ಯವಾಗಿ ಅಗಲವಿರುತ್ತದೆ. ಆದರೆ ಅಲ್ಲೇ ಮಗುವಿನ ತೊಟ್ಟಿಲು ಸಿಕ್ಕಿಸುವ ಜಾಗವೂ ಇರುತ್ತದೆ, ಅದೃಷ್ಟ ನೋಡಿಕೊಳ್ಳಿ. ಹಾಸಿಗೆ ಮಟ್ಟಕ್ಕೆ ಇಳಿದ ಸೀಟಿನಿಂದ ಎದ್ದು ನಿಲ್ಲುವುದೂ ಕಷ್ಟವೇ. ಏಳುವ ಮೊದಲು ಗುಂಡಿ ಒತ್ತಿ ಸೀಟನ್ನು ಕುರ್ಚಿಯ ಎತ್ತರಕ್ಕೆ ತರಬೇಕೆಂದು ಅವರಿಗೆ ಹೇಳಿಕೊಡಿ. ನಾವು ಸೀಟಿನ ಚಿತ್ರವನ್ನು ಪ್ರಿಂಟ್ ಹಾಕಿ, ಗುಂಡಿಗಳ ಪಕ್ಕ ಕನ್ನಡದಲ್ಲಿ "ಮಲಗಲು", "ಕೂರಲು", "ಗಗನಸಖಿಯನ್ನು ಕರೆಯಲು" ಎಂದು ಬರೆದು ವಾಟ್ಸಪ್‌ನಲ್ಲಿ ಕಳಿಸಿದ್ದೆವು. ಅಮ್ಮ ಅದನ್ನು ಲ್ಯಾಮಿನೇಷನ್ ಮಾಡಿಸಿಕೊಂಡೇ ಹೊರಟರು.

ಆರೋಗ್ಯಕ್ಕೆ ಏನು ಲಾಭ?

ನಿದ್ದೆ, ಬೆನ್ನು, ಕಾಲಿನ ಬಾವು ಇವಕ್ಕೆ ಲಾಭ ಖಂಡಿತ. ಆದರೆ ಎಲ್ಲವನ್ನೂ ಬಿಸಿನೆಸ್ ಕ್ಲಾಸ್ ಸರಿಮಾಡುತ್ತದೆ ಎಂದುಕೊಳ್ಳಬೇಡಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಮಸ್ಯೆಯನ್ನು ಜನ "ಎಕಾನಮಿ ಕ್ಲಾಸ್ ಸಿಂಡ್ರೋಮ್" ಎನ್ನುತ್ತಾರೆ, ಅದು ತಪ್ಪು ಹೆಸರು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗಿಂತ ಹೆಚ್ಚು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ, ಆದರೂ ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರಷ್ಟೇ. ಕಾರಣ ಅಲುಗಾಡದೆ ಇರುವುದು. ಬಸ್ಸು, ರೈಲಿನಲ್ಲೂ ಹಾಗೆಯೇ. ಹಾಸಿಗೆ ಸಿಕ್ಕಿತೆಂದು ಹತ್ತು ಗಂಟೆ ಅಲ್ಲಾಡದೆ ಬಿದ್ದುಕೊಂಡರೆ ಅಲ್ಲೂ ತೊಂದರೆಯೇ. ಇತ್ತೀಚೆಗೆ ಆಪರೇಷನ್ ಆದವರು, ಮೊದಲು ಹೆಪ್ಪುಗಟ್ಟಿದ ಇತಿಹಾಸ ಇರುವವರು ಸೀಟು ನೋಡುವ ಮೊದಲು ಡಾಕ್ಟರನ್ನು ನೋಡಬೇಕು.

ಗಾಳಿಯ ವಿಷಯಕ್ಕೆ ಬಂದರೆ, ಮುಂದೆ ಕೂತವರೂ ಹಿಂದೆ ಕೂತವರೂ ಉಸಿರಾಡುವುದು ಒಂದೇ ಒತ್ತಡದ ಒಣಗಾಳಿ. ಹಳೆಯ ಮಾದರಿಯ ವಿಮಾನಗಳಲ್ಲಿ ಒಳಗಿನ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲೆ ಇದ್ದಷ್ಟಿರಬಹುದು. ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರ! ಬೋಯಿಂಗ್ 787, ಏರ್‌ಬಸ್ ಎ350 ವಿಮಾನಗಳಲ್ಲಿ ಅದನ್ನು 6,000 ಅಡಿಯ ಮಟ್ಟದಲ್ಲಿ ಇಡುತ್ತಾರೆ. ಉಬ್ಬಸ, ಹೃದಯದ ತೊಂದರೆ ಇರುವವರಿಗೆ ಟಿಕೆಟ್ ಕೊಳ್ಳುವಾಗ ದರ್ಜೆಯ ಜೊತೆಗೆ ವಿಮಾನದ ಮಾದರಿಯನ್ನೂ ನೋಡುವುದು ಒಳ್ಳೆಯದು.

ಬರೀ ವೀಲ್‌ಚೇರ್‌ಗಾಗಿ, ಇಮಿಗ್ರೇಷನ್ ಸಾಲಿನ ಭಯಕ್ಕಾಗಿ ಬಿಸಿನೆಸ್ ಕೊಂಡವರನ್ನೂ ನೋಡಿದ್ದೇವೆ. ದಯವಿಟ್ಟು ಹಾಗೆ ಮಾಡಬೇಡಿ. ನಡೆಯಲು ಕಷ್ಟವಿರುವವರಿಗೆ ವೀಲ್‌ಚೇರ್ ಯಾವ ದರ್ಜೆಯಲ್ಲಾದರೂ ಉಚಿತ. 48 ಗಂಟೆ ಮುಂಚೆ ತಿಳಿಸಿದರೆ ಒಳ್ಳೆಯದು. ಮೆಟ್ಟಿಲು ಹತ್ತಬಲ್ಲರೋ, ಇಲ್ಲವೋ, ಸೀಟಿನವರೆಗೂ ಕರೆದೊಯ್ಯಬೇಕೋ ಎನ್ನುವುದಕ್ಕೆ ಮೂರು ಬೇರೆ ಬೇರೆ ಕೋಡ್‌ಗಳಿವೆ. ಫೋನಿನಲ್ಲಿ ಸರಿಯಾಗಿ ವಿವರಿಸಿ.

ಊಟದ ವಿಷಯ

ಬಿಸಿನೆಸ್ ಕ್ಲಾಸ್‌ನಲ್ಲಿ ಮೆನು ಕೊಟ್ಟು ಆರಿಸಿಕೊಳ್ಳಿ ಎನ್ನುತ್ತಾರೆ, ನಿಜ. ಆದರೆ ಸಸ್ಯಾಹಾರಿಗಳಿಗೆ ಆ ಮೆನುವಿನಲ್ಲಿ ಉಳಿಯುವುದು ಒಂದು ಪಾಸ್ತಾ. ಅದೂ ಮುಂದಿನ ಸಾಲಿನವರು ತೆಗೆದುಕೊಂಡರೆ ಖಾಲಿ. ಎಷ್ಟೇ ದುಡ್ಡು ಕೊಟ್ಟಿದ್ದರೂ ವಿಶೇಷ ಊಟವನ್ನು ಮುಂಚೆಯೇ ಬರೆಸಿ, ಸಾಮಾನ್ಯವಾಗಿ 24 ಗಂಟೆಯಾದರೂ ಮೊದಲು. ಎವಿಎಂಎಲ್ ಅಂದರೆ ನಮ್ಮ ಶೈಲಿಯ ಮಸಾಲೆಯ ಸಸ್ಯಾಹಾರ, ವಿಜೆಎಂಎಲ್ ಜೈನ ಊಟ (ಈರುಳ್ಳಿ ಬೆಳ್ಳುಳ್ಳಿ ಬೇಡ ಎನ್ನುವವರಿಗೂ ಅನುಕೂಲ), ವಿಜಿಎಂಎಲ್ ಹಾಲು-ಮೊಸರೂ ಇಲ್ಲದ್ದು. ವೆಜಿಟೇರಿಯನ್ ಎಂದಷ್ಟೇ ಹೇಳಿ ಈ ಕೊನೆಯದನ್ನು ಪಡೆದು, ಮೊಸರಿಲ್ಲದೆ ಪರದಾಡಿದವರು ನಮ್ಮ ಕೂಟದಲ್ಲೇ ಇದ್ದಾರೆ. ಊಟ ಸಪ್ಪೆ ಎನಿಸಿದರೆ ಅಡುಗೆಯವರನ್ನು ಪೂರ್ತಿ ಬಯ್ಯಬೇಡಿ. ಕಡಿಮೆ ಒತ್ತಡ ಮತ್ತು ಒಣಗಾಳಿಯಲ್ಲಿ ಉಪ್ಪು-ಸಿಹಿ ನಾಲಿಗೆಗೆ ಕಡಿಮೆ ತಿಳಿಯುತ್ತದೆ ಎಂದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾಗಾಗಿ ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ. ಒಂದು ಸಣ್ಣ ಡಬ್ಬಿಯಲ್ಲಿ ಚಟ್ನಿಪುಡಿ ಇಟ್ಟುಕೊಂಡರೆ ಯಾವ ದರ್ಜೆಗೂ ಒಳಿತು.

ಲಗೇಜ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಮೆರಿಕ ಮಾರ್ಗದಲ್ಲಿ ಸಾಮಾನ್ಯವಾಗಿ ಎರಡು ಪೆಟ್ಟಿಗೆ, ತಲಾ 32 ಕೆಜಿ. ಎಕಾನಮಿಯಲ್ಲಿ 23. ಒಬ್ಬರಿಗೆ ಹದಿನೆಂಟು ಕೆಜಿ ಹೆಚ್ಚು ಸಿಕ್ಕಿತೆಂದು ಅಮ್ಮಂದಿರು ಹುರಿಗಾಳು, ಕೋಡುಬಳೆ, ಹುಳಿಪುಡಿ ತುಂಬಿಸಿಯೇ ತುಂಬಿಸುತ್ತಾರೆ, ನಾವು ಬೇಡವೆಂದರೆ ಕೇಳುತ್ತಾರೆಯೇ?

ದುಡ್ಡಿನ ಲೆಕ್ಕ

ಬಿಸಿನೆಸ್ ಟಿಕೆಟ್ ಸಾಮಾನ್ಯವಾಗಿ ಎಕಾನಮಿಯ ಮೂರು-ನಾಲ್ಕು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಟಿಕೆಟ್ ಎಲ್ಲಿಂದ ಶುರುವಾಗುತ್ತದೆ ಎನ್ನುವುದರ ಮೇಲೆ ಬೆಲೆ ಬಹಳ ಬದಲಾಗುತ್ತದೆ. ಬೆಂಗಳೂರಿನಿಂದ ಹೊರಟು ಬೆಂಗಳೂರಿಗೆ ಮರಳುವ ಟಿಕೆಟ್ಟಿಗೂ, ಇಲ್ಲಿಂದ ಹೊರಟು ಇಲ್ಲಿಗೆ ಮರಳುವ ಟಿಕೆಟ್ಟಿಗೂ ಅದೇ ವಿಮಾನ, ಅದೇ ಸೀಟಿದ್ದರೂ ಬೆಲೆ ಬೇರೆ. ಭಾರತದಲ್ಲಿ ಎಕಾನಮಿ ಟಿಕೆಟ್ ಮೇಲೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲಿನ ದರ್ಜೆಗಳಿಗೆ ಶೇ. 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಯಿತು. ದೊಡ್ಡ ಮೊತ್ತದ ಮೇಲೆ ಇದು ಸಣ್ಣ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿರುವ ಬಂಧುಗಳಿಗೆ ಬೇರೆ ತಲೆನೋವು. ಅಲ್ಲಿಂದ ಹೊರಡುವ ಪ್ರಯಾಣಕ್ಕೆ ಹಾಕುವ ವಿಮಾನ ಪ್ರಯಾಣ ಸುಂಕ ಮೇಲಿನ ದರ್ಜೆಗಳಿಗೆ ಎಕಾನಮಿಯ ಎರಡು ಪಟ್ಟಿಗಿಂತ ಹೆಚ್ಚು. ಬೆಂಗಳೂರಿನಿಂದ ಅಮೆರಿಕಕ್ಕೆ ಒಂದೇ ಟಿಕೆಟ್ಟಿನಲ್ಲಿ ಹೀಥ್ರೂವಿನಲ್ಲಿ ಕೆಲ ಗಂಟೆ ಇಳಿದು ಹತ್ತುವವರಿಗೆ ಅದು ತಗಲುವುದಿಲ್ಲ.

ಇನ್ನು ಮೈಲ್ಸ್. ಇಲ್ಲಿನ ಕ್ರೆಡಿಟ್ ಕಾರ್ಡ್‌ಗಳ ಪಾಯಿಂಟ್ಸ್ ಕೂಡಿಸಿ ಅಪ್ಪ-ಅಮ್ಮನನ್ನು ಬಿಸಿನೆಸ್‌ನಲ್ಲಿ ಕರೆಸಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇದು ಬುದ್ಧಿವಂತರ ಹವ್ಯಾಸ, ಆದರೆ ಎರಡು ಕಡೆ ಕಾಲು ಜಾರುತ್ತದೆ. ಕಾರ್ಡಿನಿಂದ ಏರ್‌ಲೈನ್ಸ್‌ಗೆ ಒಮ್ಮೆ ವರ್ಗಾಯಿಸಿದ ಪಾಯಿಂಟ್ಸ್ ವಾಪಸು ಬರುವುದಿಲ್ಲ, ಆದ್ದರಿಂದ ಸೀಟು ಖಾಲಿ ಇದೆಯೆಂದು ಖಚಿತ ಮಾಡಿಕೊಂಡ ಮೇಲೆಯೇ ವರ್ಗಾಯಿಸಿ. ಎರಡನೆಯದಾಗಿ, "ಉಚಿತ" ಟಿಕೆಟ್ ಮೇಲೂ ಕೆಲವು ಏರ್‌ಲೈನ್ಸ್‌ಗಳು ನೂರಾರು ಡಾಲರ್ ಸರ್‌ಚಾರ್ಜ್ ಹಾಕುತ್ತವೆ. ಒಂದೇ ದಿನ ಎರಡು ಸೀಟು ಸಿಗುವುದು ಒಂದು ಸೀಟಿಗಿಂತ ಎಷ್ಟೋ ಕಷ್ಟ. ಸುಮಾರು ಹನ್ನೊಂದು ತಿಂಗಳ ಮುಂಚೆ, ಇಲ್ಲವೇ ಕೊನೆಯ ಎರಡು ವಾರಗಳಲ್ಲಿ ಹುಡುಕಿದರೆ ಅವಕಾಶ ಹೆಚ್ಚು.

ಎಕಾನಮಿ ಕೊಂಡು ಆಮೇಲೆ ಹರಾಜು ಕೂಗಿ ಮೇಲಕ್ಕೇರುವ ಪದ್ಧತಿಯೂ ಇದೆ. ಒಬ್ಬರೇ ಹೋಗುವ ಯುವಕರಿಗೆ ಅದು ಸರಿ. ಮಂಡಿ ನೋವಿನ ಅಪ್ಪನನ್ನು ಹರಾಜಿನ ಮೇಲೆ ಬಿಡುವುದು ನಮಗೆ ಒಪ್ಪಿಗೆಯಿಲ್ಲ. ಹಾಗೆಯೇ ಈಚೆಗೆ ಬಿಸಿನೆಸ್‌ನಲ್ಲೂ ಕತ್ತರಿ ಹಾಕಿದ ಅಗ್ಗದ ದರ ಬಂದಿದೆ, ಎಮಿರೇಟ್ಸ್ 2019ರಲ್ಲೇ ಇದನ್ನು ತಂದಿತು. ಸೀಟು ಅದೇ, ಆದರೆ ಲೌಂಜ್ ಇಲ್ಲ. ನಡುವೆ ನಾಲ್ಕು ಗಂಟೆ ಕಾಯಬೇಕಾದ ಹಿರಿಯರಿಗೆ ಲೌಂಜ್ ಮುಖ್ಯವೆನಿಸಿದರೆ ದರದ ಷರತ್ತು ಓದಿ. ಇಲ್ಲಿಂದ ಅಥವಾ ಇಲ್ಲಿಗೆ ಬರುವ ಟಿಕೆಟ್ಟನ್ನು ಏರ್‌ಲೈನ್ಸ್‌ನಿಂದಲೇ ನೇರವಾಗಿ, ಹೊರಡುವುದಕ್ಕೆ ಏಳು ದಿನ ಅಥವಾ ಹೆಚ್ಚು ಮುಂಚೆ ಕೊಂಡರೆ, ಅಮೆರಿಕದ ನಿಯಮದ ಪ್ರಕಾರ 24 ಗಂಟೆಯೊಳಗೆ ರದ್ದು ಮಾಡಿ ಪೂರ್ತಿ ಹಣ ಪಡೆಯುವ ಅಥವಾ ದುಡ್ಡು ಕೊಡದೆ ದರ ಹಿಡಿದಿಡುವ ಅವಕಾಶ ಕೊಡಲೇಬೇಕು. ನಾವು ಆ ಒಂದು ದಿನವನ್ನು ಸೀಟಿನ ನಕ್ಷೆ ನೋಡಲು ಬಳಸುತ್ತೇವೆ.

ಸೀಟು ಕಿತ್ತುಕೊಂಡಾಗ

ಈಗ ನಮ್ಮ ಪೆಟ್ಟಿನ ಕಥೆ. ಅಪ್ಪನಿಗೆ ಎಪ್ಪತ್ತನಾಲ್ಕು, ಎರಡೂ ಮಂಡಿ ಮೈಸೂರಿನಲ್ಲಿ ಬದಲಿಸಿದ್ದಾರೆ. ವರ್ಷವೆಲ್ಲ ಕೂಡಿಟ್ಟು ಇಬ್ಬರಿಗೂ ಹೋಗಿಬರುವ ಬಿಸಿನೆಸ್ ಟಿಕೆಟ್ ಕೊಂಡಿದ್ದೆವು. ಬೆಲೆ ಕೇಳಿ ಅಮ್ಮ, "ಎರಡು ರಾತ್ರಿ ಮಲಗೋಕೆ ಇಷ್ಟು ದುಡ್ಡೇನೋ? ಇದ್ರಲ್ಲಿ ಮನೆ ಮೇಲೆ ಒಂದು ರೂಮು ಕಟ್ಟಿಸ್ಬಹುದಿತ್ತು" ಎಂದಿದ್ದರು. ಬರುವಾಗ ಎಲ್ಲ ಸುಸೂತ್ರ. ಮರಳುವಾಗ ಮೊದಲ ರಾತ್ರಿಯೂ ಸರಿಹೋಯಿತು. ಯೂರೋಪಿನ ಒಂದು ನಿಲ್ದಾಣದಲ್ಲಿ ಎರಡನೆಯ ವಿಮಾನ ಕೆಟ್ಟು, ಎಂಟು ಗಂಟೆ ತಡವಾಗಿ, ರಾತ್ರಿ ಹೊತ್ತಿಗೆ ಬೇರೆ ವಿಮಾನ ತಂದು ನಿಲ್ಲಿಸಿದರು. ಅದರಲ್ಲಿ ಬಿಸಿನೆಸ್ ಸೀಟು ಕಡಿಮೆ. ಇಬ್ಬರಲ್ಲಿ ಒಬ್ಬರು ಹಿಂದೆ ಕೂರಬೇಕು ಎಂದರು. ಅಮ್ಮ ಮಾತಾಡದೆ ಹಿಂದೆ ಹೋದರು. ಅಪ್ಪನಿಗೆ ಮುಂದೆ ಹಾಸಿಗೆ ಸಿಕ್ಕಿತು, ಆದರೆ ಆಕೆ ಹಿಂದೆ ಕೂತಿರುವಾಗ ತಾವು ಮಲಗುವುದು ಹೇಗೆಂದು ಆ ಮನುಷ್ಯ ರಾತ್ರಿಯೆಲ್ಲ ಸೀಟನ್ನು ನೆಟ್ಟಗೆ ಇಟ್ಟುಕೊಂಡೇ ಕೂತಿದ್ದರಂತೆ. ಗಗನಸಖಿ ಎರಡು ಸಲ ಬಂದು ಹಾಸಿಗೆ ಹಾಸಿಕೊಡಲೇ ಎಂದು ಕೇಳಿದಳಂತೆ. ಬೇಡವೆಂದರಂತೆ. ಬೆಂಗಳೂರಿಗೆ ಇಳಿದಾಗ ಅಪ್ಪನ ಕಾಲು ಷೂಸಿನೊಳಗೆ ಹೋಗದಷ್ಟು ಊದಿತ್ತು.

ಅಮ್ಮನ ಕೈಗೆ ಗೇಟಿನಲ್ಲಿ ಒಂದು ವೋಚರ್ ಕೊಟ್ಟಿದ್ದರು. ನಾವು ಇಲ್ಲಿಂದ ಪತ್ರ ಬರೆದಾಗ ಏರ್‌ಲೈನ್ಸ್‌ನವರು, ಅಂದಿನ ಎಕಾನಮಿ ದರಕ್ಕೂ ನೀವು ಕೊಟ್ಟ ದರಕ್ಕೂ ಇರುವ ವ್ಯತ್ಯಾಸ ಕೊಡುತ್ತೇವೆ ಎಂದರು. ಇಲ್ಲೇ ಇರುವುದು ಕೈಚಳಕ! ಕೊನೆಯ ದಿನದ ಎಕಾನಮಿ ದರ ಆಕಾಶದಲ್ಲಿರುತ್ತದೆ, ವ್ಯತ್ಯಾಸ ಏನೂ ಉಳಿಯುವುದಿಲ್ಲ. ಆಮೇಲೆ ನಿಯಮ ಓದಿದೆವು. ಯೂರೋಪಿನ ಒಕ್ಕೂಟದ 2004ರ 261ನೇ ನಿಯಮದ ಪ್ರಕಾರ ಒಕ್ಕೂಟದ ನಿಲ್ದಾಣದಿಂದ ಹೊರಡುವ ಯಾವುದೇ ವಿಮಾನದಲ್ಲಿ, ಅಥವಾ ಹೊರಗಿನಿಂದ ಅಲ್ಲಿಗೆ ಹೋಗುವ ಅಲ್ಲಿನ ಏರ್‌ಲೈನ್ಸ್‌ನ ವಿಮಾನದಲ್ಲಿ ದರ್ಜೆ ಇಳಿಸಿದರೆ, 3,500 ಕಿಲೋಮೀಟರ್ ಮೀರಿದ ಇಂಥ ಹಾರಾಟಕ್ಕೆ ಆ ಭಾಗದ ದರದ ಶೇ. 75ನ್ನು ಏಳು ದಿನದೊಳಗೆ ಹಿಂದಿರುಗಿಸಬೇಕು. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೂ ಇದೇ ನಿಯಮವನ್ನು ಉಳಿಸಿಕೊಂಡಿದೆ. ಭಾರತದಲ್ಲಿ ಡಿಜಿಸಿಎ 2023ರ ಫೆಬ್ರವರಿ 15ರಿಂದ ಇಂಥದೇ ನಿಯಮ ತಂದಿತು. ಅಂತರರಾಷ್ಟ್ರೀಯ ಹಾರಾಟದಲ್ಲಿ 1,500 ಕಿಲೋಮೀಟರ್‌ವರೆಗೆ ಶೇ. 30, 3,500ರವರೆಗೆ ಶೇ. 50, ಅದಕ್ಕೂ ಮೀರಿದರೆ ತೆರಿಗೆಯೂ ಸೇರಿ ಟಿಕೆಟ್ ಬೆಲೆಯ ಶೇ. 75. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದ ಜಾರಿಯಾದ ನಿಯಮ ಇಷ್ಟು ಉದಾರವಲ್ಲ. ಕೆಳಗಿನ ದರ್ಜೆ ಒಲ್ಲೆ ಎಂದು ಪ್ರಯಾಣವನ್ನೇ ಬಿಟ್ಟರೆ ಪೂರ್ತಿ ಹಣ, ಹೋದರೆ ದರದ ವ್ಯತ್ಯಾಸ.

ನಾವು ಶೇ. 75 ಎಂದು ನಿಯಮದ ಸಂಖ್ಯೆ ಸಮೇತ ಬರೆದೆವು. ಏಳು ದಿನವಲ್ಲ, ನಾಲ್ಕು ತಿಂಗಳು ಹಿಡಿಯಿತು, ಐದು ಪತ್ರ ಹೋದವು, ಕೊನೆಗೆ ಬಂತು. ಬರಲು ಕಾರಣ ಅಮ್ಮ ಎರಡೂ ಬೋರ್ಡಿಂಗ್ ಪಾಸ್‌ಗಳನ್ನು, ಹಳೆಯ ಸೀಟಿನದೂ ಹೊಸ ಸೀಟಿನದೂ, ದೇವರ ಪ್ರಸಾದದ ಹಾಗೆ ಪಾಸ್‌ಪೋರ್ಟಿನೊಳಗೆ ಮಡಿಸಿಟ್ಟಿದ್ದು. ಆದ್ದರಿಂದ ಹಿರಿಯರಿಗೆ ಹೊರಡುವ ಮೊದಲೇ ಹೇಳಿಕೊಡಿ: ಬೋರ್ಡಿಂಗ್ ಪಾಸ್ ಎಸೆಯಬಾರದು, ಗೇಟಿನಲ್ಲಿ ಯಾವ ಕಾಗದಕ್ಕೂ ಓದದೆ ಸಹಿ ಹಾಕಬಾರದು, ಸೀಟು ಬದಲಾಯಿತೆಂದರೆ ಆ ಕ್ಷಣವೇ ನಮಗೆ ಫೋನ್ ಮಾಡಬೇಕು. ಇಬ್ಬರಿಗೂ ಒಂದೇ ಬುಕಿಂಗ್ ನಂಬರಿನಲ್ಲಿ ಟಿಕೆಟ್ ಮಾಡಿಸಿ, ಬೇರೆ ಬೇರೆ ಇದ್ದರೆ ಒಬ್ಬರನ್ನು ಕಂಪ್ಯೂಟರ್ ಸುಲಭವಾಗಿ ಬೇರ್ಪಡಿಸುತ್ತದೆ. ನಾವೇ ಆ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಜಾತಿಯವರು, ನಮಗೆ ಗೊತ್ತಲ್ಲ!

ಇನ್ನೊಂದು ಮಾತು ಹೇಳದೆ ಹೋದರೆ ಲೆಕ್ಕ ಪೂರ್ತಿಯಾಗದು. ಒಂದು ಹಾಸಿಗೆ ಎರಡು-ಮೂರು ಎಕಾನಮಿ ಸೀಟಿನ ಜಾಗ ತಿನ್ನುತ್ತದೆ. ಬ್ರಿಟನ್ ಸರ್ಕಾರದ ಲೆಕ್ಕದಲ್ಲಿ ದೂರದ ಹಾರಾಟದಲ್ಲಿ ಬಿಸಿನೆಸ್ ಪ್ರಯಾಣಿಕನ ಪಾಲಿನ ಇಂಗಾಲದ ಹೊಗೆ ಎಕಾನಮಿಯವನ ಸುಮಾರು 2.9 ಪಟ್ಟು. ಅದಕ್ಕೇ ನಾವು ನಮಗಾಗಿ ಕೊಳ್ಳುವುದಿಲ್ಲ. ಆಫೀಸಿನವರು ಕೊಟ್ಟರೆ ಬೇಡವೆನ್ನುವಷ್ಟು ಸಾಧುಗಳೂ ಅಲ್ಲ, ಬಿಡಿ.

ಬಂದ ಹಣವನ್ನು ಅಮ್ಮನ ಖಾತೆಗೆ ಹಾಕಿದೆವು. ಮನೆಯ ಮೇಲಿನ ರೂಮಿಗೆ ಸಾಲದು, ಸೋಲಾರ್ ನೀರಿನ ಹೀಟರ್ ಹಾಕಿಸಿದರು. ಮುಂದಿನ ಸಲ ಬರುವಾಗ ರಾತ್ರಿಯ ಭಾಗಕ್ಕೆ ಬಿಸಿನೆಸ್, ಹಗಲಿಗೆ ಪ್ರೀಮಿಯಂ ಎಕಾನಮಿ ಎಂದು ತೀರ್ಮಾನವಾಗಿದೆ. ಅಪ್ಪನ ಷರತ್ತು ಒಂದೇ, ಹಿಂದೆ ಹೋಗುವುದಾದರೆ ಇಬ್ಬರೂ ಹೋಗುವುದು.